ಪ್ರತಿಭೆಯನ್ನು ಬರಮಾಡಿಕೊಂಡ ಊರು, ಬೀಳ್ಕೊಡುವ ಊರು

ವಿಜ್ಞಾನಿಗಳಿಗಾಗಿ ದೇಶಗಳ ನಡುವೆ ನಡೆಯುತ್ತಿರುವ ಪೈಪೋಟಿ 2025ರಲ್ಲಿ ಬಹಿರಂಗ ಹರಾಜಿನ ರೂಪವನ್ನೇ ತಾಳಿತು. ಅಮೆರಿಕದ ಸರ್ಕಾರ ತನ್ನ ವಿಶ್ವವಿದ್ಯಾಲಯಗಳ ಸಂಶೋಧನಾ ಅನುದಾನಕ್ಕೆ ಕತ್ತರಿ ಹಾಕಿದ ಬೆನ್ನಿಗೇ ಫ್ರಾನ್ಸಿನ ಎಕ್ಸ್-ಮಾರ್ಸೇ ವಿಶ್ವವಿದ್ಯಾಲಯವು ಅಲ್ಲಿಂದ ಹೊರಬರಲು ಬಯಸುವ ವಿಜ್ಞಾನಿಗಳಿಗೆಂದು 1.5 ಕೋಟಿ ಯೂರೊ ತೆಗೆದಿರಿಸಿತು. ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟವು ಸಂಶೋಧಕರನ್ನು ಸೆಳೆಯಲು 2025ರಿಂದ 2027ರವರೆಗಿನ ಅವಧಿಗೆ 50 ಕೋಟಿ ಯೂರೊಗಳ ಯೋಜನೆಯನ್ನು ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಅಮೆರಿಕವು ಎಚ್-1ಬಿ ವೀಸಾದ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿತು. ಅದಾದ ಹತ್ತೇ ದಿನಗಳಲ್ಲಿ, ಅಕ್ಟೋಬರ್ 1ರಿಂದ, ಚೀನಾ ಯುವ ವಿಜ್ಞಾನಿ ಮತ್ತು ತಂತ್ರಜ್ಞರಿಗಾಗಿ 'ಕೆ ವೀಸಾ' ಎಂಬ ಹೊಸ ಬಾಗಿಲನ್ನು ತೆರೆಯಿತು. ಒಬ್ಬರು ಬಾಗಿಲು ಮುಚ್ಚಿದ ಕೂಡಲೇ ಇನ್ನೊಬ್ಬರು ತೆರೆಯುವ ಈ ಆಟದಲ್ಲಿ ನಮ್ಮ ದೇಶಕ್ಕೂ ಆಸೆ ಮೂಡಿದ್ದು ಸಹಜ. ಹೊರಗೆ ಹೋದ ನಮ್ಮವರನ್ನು ಮರಳಿ ಕರೆತರಲು ಇದೇ ಸಕಾಲವೆಂಬ ಮಾತು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕೇಳಿಬಂತು.

ಇಂಥ ಚರ್ಚೆಯಲ್ಲಿ ಬೀದರ್, ಭಾಲ್ಕಿ, ಔರಾದ್‌ಗಳ ಹೆಸರು ಬರುವುದಿಲ್ಲ. ಬಂದರೆ ಓದುಗರು ನಕ್ಕಾರು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದು, ಸರ್ಕಾರಿ ಸೇವೆಯ ಕೆಲವು ವರ್ಷಗಳನ್ನು ಆ ಜಿಲ್ಲೆಯಲ್ಲಿ ಕಳೆದ ನನಗೆ ಈ ಪ್ರಶ್ನೆಯನ್ನು ಬೀದರಿನಿಂದಲೇ ನೋಡಬೇಕೆನಿಸುತ್ತದೆ. ಅದಕ್ಕೆ ಎರಡು ಕಾರಣಗಳಿವೆ. ಪ್ರಪಂಚದ ವಿದ್ವಾಂಸರಿಗಾಗಿ ನಡೆಯುವ ಪೈಪೋಟಿಯಲ್ಲಿ ಆರು ಶತಮಾನಗಳ ಹಿಂದೆ ಬೀದರ್ ಬಲವಾದ ಸ್ಪರ್ಧಿಯಾಗಿತ್ತು ಎಂಬುದು ಒಂದು. ಅಂದು ಅದು ಗೆದ್ದದ್ದೂ ಸೋತದ್ದೂ ಯಾವ ಕಾರಣಕ್ಕೋ, ಇಂದಿನ ಗೆಲುವು ಸೋಲುಗಳಿಗೂ ಹೆಚ್ಚುಕಡಿಮೆ ಅದೇ ಕಾರಣ ಎಂಬುದು ಎರಡನೆಯದು.

ಬಹಮನಿ ಸುಲ್ತಾನರು ವಿದ್ವಾಂಸರನ್ನು ಕರೆತರುವುದನ್ನು ರಾಜ್ಯಾಡಳಿತದ ಒಂದು ಕೆಲಸವೆಂದೇ ತಿಳಿದಿದ್ದರು. ರಾಜಧಾನಿ ಇನ್ನೂ ಗುಲಬರ್ಗಾದಲ್ಲಿದ್ದ ದಿನಗಳಲ್ಲಿ, ಹದಿನಾಲ್ಕನೆಯ ಶತಮಾನದ ಕೊನೆಗೆ, ಎರಡನೆಯ ಮುಹಮ್ಮದ್ ಷಾನ ಆಸ್ಥಾನದಿಂದ ಶಿರಾಜಿನ ಮಹಾಕವಿ ಹಾಫಿಜ್‌ಗೆ ಆಹ್ವಾನ ಹೋಯಿತು. ಜೊತೆಗೆ ಪ್ರಯಾಣದ ಖರ್ಚೂ ಹೋಯಿತು. ಇತಿಹಾಸಕಾರ ಫೆರಿಷ್ತಾ ಹೇಳುವಂತೆ, ಕವಿ ಆ ಹಣದಲ್ಲಿ ಒಂದಿಷ್ಟನ್ನು ಸಾಲಗಾರರಿಗೂ ಬಂಧುಗಳಿಗೂ ಹಂಚಿ, ಹೊರ್ಮುಜ್ ಬಂದರಿಗೆ ಬಂದು ಹಡಗನ್ನೂ ಏರಿದ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಹೆದರಿ ಇಳಿದವನು ಒಂದು ಗಜಲ್ ಬರೆದು ಕಳಿಸಿ ಊರಿಗೆ ಹಿಂದಿರುಗಿದ. ಪ್ರಯಾಣ ಭತ್ಯೆಯ ಮುಂಗಡ ಪಡೆದು ಕೆಲಸಕ್ಕೆ ಹಾಜರಾಗದವರ ಕಡತಗಳನ್ನು ನಾನೂ ನೋಡಿದ್ದೇನೆ. ಆದರೆ ಗಜಲ್ ಕಳಿಸಿದವರು ಯಾರೂ ಇರಲಿಲ್ಲ. ಸುಲ್ತಾನ ಮುಂಗಡವನ್ನು ಮರಳಿ ಕೇಳಲಿಲ್ಲ, ಮತ್ತಷ್ಟು ಉಡುಗೊರೆ ಕಳಿಸಿದನಂತೆ.

ಅನಂತರ ಬಂದ ಫಿರೋಜ್ ಷಾ ಪ್ರತಿ ವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳಿಸುತ್ತಿದ್ದನು. ಅವು ಬೇರೆ ಬೇರೆ ನಾಡುಗಳ ಅಪರೂಪದ ಸರಕುಗಳ ಜೊತೆಗೆ ವಿದ್ವಾಂಸರನ್ನೂ ಹೊತ್ತು ತರಬೇಕಿತ್ತು. 1407ರ ಸುಮಾರಿಗೆ ಅವನು ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿಸಲು ತೊಡಗಿದ. ಅದರ ಹೊಣೆ ಹೊತ್ತವರಲ್ಲಿ ಪ್ರಮುಖನಾಗಿದ್ದ, ಇರಾನಿನ ಗಿಲಾನ್ ಮೂಲದ ಹಕೀಂ ಹಸನ್ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತುಹೋಯಿತು. ವ್ಯಕ್ತಿಯೊಬ್ಬನನ್ನೇ ನಂಬಿ ನಿಂತ ಸಂಸ್ಥೆಯ ಪಾಡು ಎಂಥದೆಂಬುದಕ್ಕೆ ಇದು ನಮ್ಮ ನಾಡಿನ ಹಳೆಯ ಉದಾಹರಣೆಗಳಲ್ಲೊಂದು.

ಫಿರೋಜ್ ಷಾನ ತಮ್ಮ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದ. ಹೊಸ ರಾಜಧಾನಿಗೆ ನೀರು ಬೇಕಿತ್ತು. ಇರಾನಿನ ಒಣ ನಾಡಿನಲ್ಲಿ ಬೆಳೆದ ಕರೇಜ್ ವಿದ್ಯೆ, ಅಂದರೆ ನೆಲದಡಿಯ ಸುರಂಗದ ಮೂಲಕ ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸಿ ತರುವ ವಿದ್ಯೆ, ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲಕ್ಕೆ ಬಂದದ್ದು ಬಹಮನಿಗಳ ಆ ಕಾಲದಲ್ಲಿ. ನೌಬಾದಿನಲ್ಲಿ ಇಂದಿಗೂ ಆ ಸುರಂಗ, ಅದರ ಗಾಳಿಬಾವಿಗಳ ಸಾಲು ಉಳಿದಿವೆ. ಮಣ್ಣು ತುಂಬಿ ಮರೆತುಹೋಗಿದ್ದ ಅದರ ಜಾಡನ್ನು ನಮ್ಮ ಕಾಲದಲ್ಲಿ ಅಧ್ಯಯನ ಮಾಡಿ ನಕ್ಷೆಗೆ ತಂದವರಲ್ಲಿ ಮುಖ್ಯರು ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರು. ಆ ವಿದ್ಯೆ ಮೊದಲ ಸಲ ಬಂದದ್ದೂ ಹೊರಗಿನಿಂದ, ಮರೆತದ್ದನ್ನು ನೆನಪಿಸಿದವರು ಬಂದದ್ದೂ ಹೊರಗಿನಿಂದ.

ಈ ಪರಂಪರೆಯ ಶಿಖರ ಮಹಮೂದ್ ಗವಾನ್. ಗಿಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಹೊರಟು 1453ರಲ್ಲಿ ಬೀದರ್ ತಲುಪಿದಾಗ ಅವನಿಗೆ ನಲವತ್ತು ದಾಟಿತ್ತು. ಪರದೇಶಿಯಾದ ಅವನು ಇಲ್ಲಿ ಪ್ರಧಾನಮಂತ್ರಿಯಾದ. 1472ರಲ್ಲಿ ಪೂರ್ಣಗೊಂಡ ಅವನ ಮದರಸಾದಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಇದ್ದವು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ಪಾಠ ಹೇಳಲು ಯಾರು ಬೇಕೆಂಬುದರಲ್ಲಿ ಗವಾನನ ಆಸೆ ಸಣ್ಣದಾಗಿರಲಿಲ್ಲ. ಅಂದಿನ ಪಾರಸಿ ಜಗತ್ತಿನ ಬಹುದೊಡ್ಡ ಕವಿ-ಚಿಂತಕ, ಹೆರಾತಿನ ಜಾಮಿಗೇ ಅವನು ಪತ್ರ ಬರೆದು ಬೀದರಿಗೆ ಆಹ್ವಾನಿಸಿದ. ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. ಗವಾನನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಷಾ' ಇಂದಿಗೂ ಉಳಿದಿದೆ. ಹೆರಾತಿನಂಥ ಮಹಾನಗರದ ವಿದ್ವಾಂಸನೊಬ್ಬನು ಬೀದರಿನಿಂದ ಬಂದ ಪತ್ರಕ್ಕೆ ಗೌರವದಿಂದ ಉತ್ತರಿಸುತ್ತಿದ್ದ ಎಂಬುದೇ ಈ ಊರಿಗೆ ಅಂದು ಎಂಥ ಸ್ಥಾನವಿತ್ತೆಂದು ತಿಳಿಸುತ್ತದೆ.

ಇಷ್ಟೆಲ್ಲ ಇದ್ದೂ ಬೀದರ್ ಸೋತದ್ದೇಕೆ? ಹಣ ಸಾಲದೆ ಸೋಲಲಿಲ್ಲ, ಬರುವವರಿಲ್ಲದೆಯೂ ಸೋಲಲಿಲ್ಲ. ಆಸ್ಥಾನ ಎರಡಾಗಿ ಒಡೆದಿತ್ತು: ಮೊದಲಿನಿಂದ ಇಲ್ಲೇ ನೆಲೆಸಿದ್ದ ದಖ್ಖನಿಗಳು ಒಂದು ಕಡೆ, ಹೊಸದಾಗಿ ಬಂದ ಅಫಾಕಿಗಳು ಇನ್ನೊಂದು ಕಡೆ. ಗವಾನ್ ಸ್ವತಃ ಹೊರಗಿನವನಾಗಿದ್ದರೂ ಅಧಿಕಾರದ ಸ್ಥಾನಗಳನ್ನು ಎರಡೂ ಬಣಗಳಿಗೆ ಸಮನಾಗಿ ಹಂಚಲು ಯತ್ನಿಸಿದ. ಆದರೂ ಅವನ ಮುದ್ರೆ ಒತ್ತಿದ ಖಾಲಿ ಕಾಗದವೊಂದನ್ನು ಸಂಪಾದಿಸಿ, ಅದರ ಮೇಲೆ ಶತ್ರುರಾಜನಿಗೆ ಬರೆದಂತೆ ಪತ್ರ ಸೃಷ್ಟಿಸಿ, ವಿರೋಧಿಗಳು ಸುಲ್ತಾನನ ಮುಂದಿಟ್ಟರು. ವಿಚಾರಣೆಯಿಲ್ಲದೆ 1481ರಲ್ಲಿ ಅವನ ತಲೆ ಉರುಳಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಮದರಸಾದ ಕಟ್ಟಡ 1696ರಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಅರ್ಧ ಕುಸಿಯಿತು ಎನ್ನುತ್ತಾರೆ. ವಿದ್ವಾಂಸರನ್ನು ಕರೆತರುವ ಶಕ್ತಿ ಮಾತ್ರ ಅದಕ್ಕೆ ಇನ್ನೂರು ವರ್ಷ ಮೊದಲೇ ಕುಸಿದಿತ್ತು.

ಇದು ಮಧ್ಯಯುಗದ ಸುಲ್ತಾನರ ಕಥೆ, ಆಧುನಿಕ ಸಂಸ್ಥೆಗಳಲ್ಲಿ ಹೀಗಾಗದು ಎನ್ನುವವರು 1935ರ ಬೆಂಗಳೂರನ್ನು ನೆನೆಯಬೇಕು. ಹಿಟ್ಲರನ ಆಡಳಿತ ಯೆಹೂದಿ ಮೂಲದ ಪ್ರಾಧ್ಯಾಪಕರನ್ನು ಹೊರದಬ್ಬುತ್ತಿದ್ದ ಕಾಲ ಅದು. ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದ ಸಿ.ವಿ. ರಾಮನ್ ಅವರಿಗೆ ಇದೊಂದು ಅಪೂರ್ವ ಅವಕಾಶವೆಂದು ಹೊಳೆಯಿತು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಹುದ್ದೆ ಕಳೆದುಕೊಂಡಿದ್ದ, ಕ್ವಾಂಟಂ ಭೌತಶಾಸ್ತ್ರದ ನಿರ್ಮಾಪಕರಲ್ಲೊಬ್ಬರಾದ ಮ್ಯಾಕ್ಸ್ ಬಾರ್ನ್ ಅವರನ್ನು ಅವರು ಬೆಂಗಳೂರಿಗೆ ಕರೆಸಿಕೊಂಡರು. ಬಾರ್ನ್ ದಂಪತಿಗಳು 1935-36ರಲ್ಲಿ ಸುಮಾರು ಆರು ತಿಂಗಳು ಇಲ್ಲಿದ್ದರು. ಅವರಿಗಾಗಿ ಕಾಯಂ ಪ್ರಾಧ್ಯಾಪಕ ಹುದ್ದೆಯೊಂದನ್ನು ಸೃಷ್ಟಿಸಬೇಕೆಂಬುದು ರಾಮನ್ ಅವರ ಪ್ರಸ್ತಾವ. ಅದು ಚರ್ಚೆಗೆ ಬಂದ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ತನ್ನ ದೇಶದಿಂದಲೇ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತನಾಡಿದರು. ಆ ಸಭೆಯಲ್ಲಿ ಬಾರ್ನ್ ಕೂಡ ಕುಳಿತಿದ್ದರು. ಮನೆಗೆ ಮರಳಿ ಪತ್ನಿಯ ಮುಂದೆ ಕಣ್ಣೀರು ಹಾಕಿದ್ದನ್ನು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಹುದ್ದೆ ಮಂಜೂರಾಗಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸಂಸ್ಥೆಯೊಳಗಿನ ಕಲಹದ ಫಲವಾಗಿ ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನವನ್ನೇ ಬಿಡಬೇಕಾಯಿತು. ಅದೇ ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್ ನಿರಾಶ್ರಿತ ವಿಜ್ಞಾನಿಗಳನ್ನು ಬರಮಾಡಿಕೊಂಡು ತಮ್ಮ ವಿಜ್ಞಾನದ ಭವಿಷ್ಯವನ್ನೇ ಕಟ್ಟಿಕೊಂಡವು. ಬಾರ್ನ್ ಇಲ್ಲೇ ನಿಂತಿದ್ದರೆ ಬೆಂಗಳೂರು ಗಟ್ಟಿಂಗೆನ್ ಆಗಿಬಿಡುತ್ತಿತ್ತೆಂದು ನಾನು ಹೇಳಲಾರೆ. ಕೈಗೆ ಬಂದದ್ದನ್ನು ಬಿಟ್ಟುಕೊಟ್ಟೆವು ಎಂಬುದನ್ನಂತೂ ಹೇಳಬಹುದು. ಬೀದರಿನ ಆಸ್ಥಾನಕ್ಕೂ ಬೆಂಗಳೂರಿನ ಆ ಸಭೆಗೂ ನಾಲ್ಕೂವರೆ ಶತಮಾನಗಳ ಅಂತರ. 'ಹೊರಗಿನವನು' ಎಂಬ ಮಾತು ಎರಡೂ ಕಡೆ ಒಂದೇ ಕೆಲಸ ಮಾಡಿತು.

'ಪ್ರತಿಭಾ ಪಲಾಯನ' ಎಂದು ನಾವು ಕನ್ನಡದಲ್ಲಿ ಕರೆಯುವ ಪರಿಕಲ್ಪನೆ ಹುಟ್ಟಿದ್ದು ಬಡ ದೇಶಗಳ ಬಗ್ಗೆ ಅಲ್ಲ ಎಂಬುದು ಅನೇಕರಿಗೆ ಅಚ್ಚರಿಯಾದೀತು. ಬ್ರಿಟಿಷ್ ವಿಜ್ಞಾನಿಗಳು ಅಮೆರಿಕದತ್ತ ಹೊರಟಿದ್ದನ್ನು ಕುರಿತು ರಾಯಲ್ ಸೊಸೈಟಿ 1963ರಲ್ಲಿ ವರದಿಯೊಂದನ್ನು ಪ್ರಕಟಿಸಿದಾಗ ಆ ಮಾತು ಚಾಲ್ತಿಗೆ ಬಂತು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ತಿದ್ದಿ ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಅದು ನಮ್ಮ ಸಮಸ್ಯೆಯೂ ಆಯಿತು. ನಾನು ಎಂ.ಎ. ಓದುತ್ತಿದ್ದಾಗ ಈ ವಿಷಯದಲ್ಲಿ ಎರಡು ವಾದಗಳಿದ್ದವು. ಹರ್ಬರ್ಟ್ ಗ್ರೂಬೆಲ್ ಮತ್ತು ಆಂಥನಿ ಸ್ಕಾಟ್ 1966ರಲ್ಲೇ ಮಂಡಿಸಿದ ವಾದದ ಪ್ರಕಾರ, ವಿಜ್ಞಾನದ ಫಲ ಎಲ್ಲ ದೇಶಗಳಿಗೂ ಹರಿಯುವುದರಿಂದ ವಿಜ್ಞಾನಿ ಎಲ್ಲಿದ್ದರೇನು, ಉಳಿದವರಿಗೆ ದೊಡ್ಡ ನಷ್ಟವಿಲ್ಲ. ಇನ್ನೊಂದು, ಜಗದೀಶ್ ಭಗವತಿಯವರದು: ಬಡ ದೇಶದ ಖರ್ಚಿನಲ್ಲಿ ಓದಿ ಹೊರಗೆ ಹೋದವರ ವರಮಾನದ ಮೇಲೆ ಒಂದು ತೆರಿಗೆ ಹಾಕಿ ಆ ಹಣವನ್ನು ತವರಿಗೆ ತಲುಪಿಸಬೇಕು. ಆ ತೆರಿಗೆ ಎಂದೂ ಜಾರಿಗೆ ಬರಲಿಲ್ಲ.

ಆಡಳಿತದಲ್ಲಿ ವರ್ಷಗಳನ್ನು ಕಳೆದ ಮೇಲೆ ಎರಡೂ ವಾದಗಳಲ್ಲಿ ಒಂದು ಕೊರತೆ ಕಾಣುತ್ತದೆ. ಎರಡೂ ಕಣ್ಣಿಟ್ಟದ್ದು ಹೊರಟುಹೋದವರ ಮೇಲೆ. ಹೋದವನು ಮರಳಿ ಬರುವೆನೆಂದಾಗ, ಅಥವಾ ಬೇರೆಯವನೊಬ್ಬ ಅವನ ಜಾಗಕ್ಕೆ ಬರಲು ಸಿದ್ಧನಾದಾಗ, ನಮ್ಮಲ್ಲಿ ಕುರ್ಚಿ ಇದೆಯೇ ಎಂಬ ಪ್ರಶ್ನೆಯನ್ನು ಅವು ಅಷ್ಟಾಗಿ ಕೇಳಲಿಲ್ಲ. ದಕ್ಷಿಣ ಕೊರಿಯಾ ಆ ಪ್ರಶ್ನೆಯಿಂದಲೇ ಆರಂಭಿಸಿತು. 1966ರಲ್ಲಿ ಅಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೊಂದನ್ನು ಕಟ್ಟಿದಾಗ ಅದರ ಮೊದಲ ಮುಖ್ಯಸ್ಥ ಚೋಯ್ ಹ್ಯುಂಗ್ ಸಪ್, ವಿದೇಶಗಳಲ್ಲಿದ್ದ ಕೊರಿಯನ್ನರನ್ನು ಹುಡುಕಿ ಕರೆತಂದರು. ಪ್ರಾಧ್ಯಾಪಕರಿಗಿಂತ ಹೆಚ್ಚಿನ ಸಂಬಳ, ವಾಸಕ್ಕೆ ಮನೆ, ಕೆಲಸದಲ್ಲಿ ಸ್ವಾತಂತ್ರ್ಯ ಕೊಟ್ಟರು. ತೈವಾನ್ 1985ರಲ್ಲಿ ತನ್ನ ಕೈಗಾರಿಕಾ ಸಂಶೋಧನಾ ಸಂಸ್ಥೆಗೆ ಮುಖ್ಯಸ್ಥರಾಗಿ ಮೋರಿಸ್ ಚಾಂಗ್ ಅವರನ್ನು ಅಮೆರಿಕದಿಂದ ಕರೆಸಿತು. ಎರಡು ವರ್ಷಗಳ ಅನಂತರ ಅವರು ಸ್ಥಾಪಿಸಿದ ಚಿಪ್ ತಯಾರಿಕಾ ಕಂಪನಿಯ ಮೇಲೆ ಇಂದು ಜಗತ್ತಿನ ಎಲೆಕ್ಟ್ರಾನಿಕ್ ಉದ್ಯಮವೇ ನಿಂತಿದೆ. ಚಾಂಗ್ ತೈವಾನಿನಲ್ಲಿ ಹುಟ್ಟಿದವರಲ್ಲ. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ವೃತ್ತಿ ನಡೆಸಿದವರು. ತೈವಾನ್ ಅವರ ಊರು ಯಾವುದೆಂದು ಕೇಳದೆ ಕೆಲಸ ಒಪ್ಪಿಸಿತು.

ನಮ್ಮ ನಾಡಿನ ಅನುಭವವೂ ಬೇರೆಯಲ್ಲ. ಸಿ.ಎನ್.ಆರ್. ರಾವ್ 1959ರಲ್ಲಿ ಬರ್ಕ್ಲಿಯಿಂದ, ರೊದ್ದಂ ನರಸಿಂಹ 1962ರಲ್ಲಿ ಕ್ಯಾಲ್ಟೆಕ್‌ನಿಂದ ಬೆಂಗಳೂರಿಗೆ ಮರಳಿದರು. ಉಡುಪಿ ಕಡೆಯ ಯು.ಆರ್. ರಾವ್ 1966ರಲ್ಲಿ ಅಮೆರಿಕದಿಂದ ಅಹಮದಾಬಾದಿಗೆ ಬಂದರು. ಅಂದು ನಮ್ಮ ಸಂಬಳ ಅಮೆರಿಕದ ಸಂಬಳಕ್ಕೆ ಎಲ್ಲಿಯ ಹೋಲಿಕೆ? ಆದರೆ ಅವರ ವಿಷಯದಲ್ಲಿ ಕೆಲಸ ಮಾಡಲು ಸಂಸ್ಥೆಯಿತ್ತು. ಅವರ ಬೆಲೆ ಬಲ್ಲ ಹಿರಿಯರು ಅಲ್ಲಿದ್ದರು. ಇದಕ್ಕೆ ವಿರುದ್ಧವಾಗಿ ಹರಗೋಬಿಂದ ಖುರಾನಾ 1949ರಲ್ಲಿ ಯುರೋಪಿನಿಂದ ಭಾರತಕ್ಕೆ ಮರಳಿ, ತಕ್ಕ ಕೆಲಸ ಸಿಗದೆ ಮತ್ತೆ ಇಂಗ್ಲೆಂಡಿಗೆ ಹೋದರು. 1968ರ ನೊಬೆಲ್ ಪ್ರಶಸ್ತಿ ಬಂದಾಗ ಅವರು ಅಮೆರಿಕದ ಪ್ರಜೆ.

ಆಮೇಲೆ ನಮ್ಮ ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಮರಳಿ ಬಂದವರಿಗೆ ತಾತ್ಕಾಲಿಕ ನೆಲೆ ಕೊಡಲು 1958ರಲ್ಲೇ 'ವಿಜ್ಞಾನಿಗಳ ಪೂಲ್' ಏರ್ಪಟ್ಟಿತು. ಇತ್ತೀಚಿನ ದಶಕಗಳಲ್ಲಿ ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್, ವಜ್ರ, ವೈಭವ್ ಮುಂತಾದ ಯೋಜನೆಗಳು ಬಂದವು. ಅವುಗಳಿಂದ ಒಳ್ಳೆಯ ವಿಜ್ಞಾನಿಗಳು ಮರಳಿದ್ದಾರೆ. ಆದರೆ ಸಂಶೋಧನೆಗೆ ದೇಶ ಮಾಡುತ್ತಿರುವ ಒಟ್ಟು ವೆಚ್ಚ 2020-21ರಲ್ಲಿ ರಾಷ್ಟ್ರೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ, ಚೀನಾ ಅದೇ ಕಾಲಕ್ಕೆ ಶೇ 2.4ನ್ನು ಮುಟ್ಟಿತ್ತು. ಇಷ್ಟು ಸಣ್ಣ ಪಾತ್ರೆಯಿಂದ ಬಡಿಸಿದ್ದು ದೊಡ್ಡ ನಗರಗಳ ಕೆಲವು ಸಂಸ್ಥೆಗಳನ್ನು ದಾಟಿ ಮುಂದೆ ಬರುವುದಿಲ್ಲ.

ಇಲ್ಲಿಂದ ನಾನು ಮತ್ತೆ ಬೀದರಿಗೆ ಬರುತ್ತೇನೆ. ವಿಜ್ಞಾನಿಗಳ ಅಂತರರಾಷ್ಟ್ರೀಯ ವಲಸೆ ಎಂದು ನಾವು ಕರೆಯುವುದು ಒಂದು ಉದ್ದನೆಯ ಏಣಿಯ ಕೊನೆಯ ಮೆಟ್ಟಿಲು ಮಾತ್ರ. ಮೊದಲ ಮೆಟ್ಟಿಲು ಔರಾದ್‌ನಂಥ ಊರಿನಲ್ಲಿದೆ. ರಾಜ್ಯದ ನಕ್ಷೆಯ ತುತ್ತತುದಿಯಲ್ಲಿ ಮಹಾರಾಷ್ಟ್ರ ಮತ್ತು ತೆಲಂಗಾಣಗಳಿಗೆ ಅಂಟಿಕೊಂಡ ಈ ತಾಲ್ಲೂಕನ್ನು 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತು. ಇಲ್ಲಿ ವಿದ್ಯೆಯ ಹಸಿವಿಗೇನೂ ಕೊರತೆಯಿರಲಿಲ್ಲ. ಅಂದು ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವೇರಿದ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಆ ಸೀಮೆಯ ಮನೆಮನೆಯ ಮಾತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಸೇರಿದ ಮೇಲೂ ಬಹುಕಾಲ, ಉನ್ನತ ಓದಿಗೆ ಹೈದರಾಬಾದಿನ ಉಸ್ಮಾನಿಯಾವೇ ಗತಿಯಾಗಿತ್ತು. ಊರಿನಿಂದ ಭಾಲ್ಕಿ, ಅಲ್ಲಿಂದ ಬೀದರ್, ಅಲ್ಲಿಂದ ಹೈದರಾಬಾದ್ ಅಥವಾ ಬೆಂಗಳೂರು, ಅಲ್ಲಿಂದ ಹೊರದೇಶ: ಏಣಿ ಹತ್ತುವ ಪ್ರತಿ ಮೆಟ್ಟಿಲೂ ಇದೆ, ಇಳಿಯುವ ಒಂದು ಮೆಟ್ಟಿಲೂ ಇಲ್ಲ.

ನನಗೆ ಗೊತ್ತಿರುವ ಒಂದು ಪ್ರಕರಣವನ್ನು ಹೇಳುತ್ತೇನೆ. ಔರಾದ್ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕರ ಮಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಭಾಲ್ಕಿಗೆ ಬಂದ. ಕೃಷಿ ಪದವಿ ರಾಯಚೂರಿನಲ್ಲಿ, ಸ್ನಾತಕೋತ್ತರ ಪದವಿ ಧಾರವಾಡದಲ್ಲಿ, ಪಿಎಚ್.ಡಿ. ಅಮೆರಿಕದಲ್ಲಿ ಆಯಿತು. ಅವನ ವಿಷಯ ಬೇಳೆಕಾಳುಗಳ ರೋಗ. ಮನೆಯಲ್ಲಿ ವಯಸ್ಸಾದ ತಂದೆತಾಯಿ. ಸುತ್ತಲೂ ತೊಗರಿ, ಉದ್ದು, ಹೆಸರಿನ ಹೊಲಗಳು. ಮರಳಲು ಅವನಿಗೆ ಎಲ್ಲ ಕಾರಣಗಳೂ ಇದ್ದವು, ಮನಸ್ಸೂ ಇತ್ತು. ಒಂದು ಸಂಸ್ಥೆಗೆ ಅರ್ಜಿ ಹಾಕಿದ. ಸಂದರ್ಶನ ಎರಡು ಸಲ ಮುಂದಕ್ಕೆ ಹೋಯಿತು. ಎರಡು ವರ್ಷಗಳ ಅನಂತರ ಅಧಿಸೂಚನೆಯೇ ರದ್ದಾಯಿತು. ಈಗ ಅವನು ಕೆನಡಾದಲ್ಲಿ ಮಸೂರ ಬೇಳೆಯ ಗಿಡಕ್ಕೆ ತಗಲುವ ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತಾನೆ. ನಮ್ಮ ದೇಶ ಮಸೂರ ಬೇಳೆಯನ್ನು ಆಮದು ಮಾಡಿಕೊಳ್ಳುವ ಮುಖ್ಯ ದೇಶಗಳಲ್ಲಿ ಕೆನಡಾ ಒಂದು. ಅವನ ತಂದೆ ಒಮ್ಮೆ ನನ್ನೊಡನೆ ಹೇಳಿದ ಮಾತಿದು: "ಸಾಹೇಬ್ರ, ಮಗ ಹೋಗ್ಯಾನಂತ ನನಗ ಬ್ಯಾಸರಿಲ್ಲ. ಬರ್ತೀನಿ ಅಂದಾಗ ಇಲ್ಲಿ ಯಾರೂ ಹೂಂ ಅನಲಿಲ್ಲ ನೋಡ್ರಿ, ಅದಕ್ಕ ಬ್ಯಾಸರ."

ಹಾಗೆಂದು ಅವನ ಊರಿನಲ್ಲಿ ಕೆಲಸವಿಲ್ಲವೇ? ತೊಗರಿಯ ನೆಟೆ ರೋಗ 2022-23ರಲ್ಲಿ ಕಲಬುರಗಿ, ಬೀದರ್ ಜಿಲ್ಲೆಗಳ ರೈತರನ್ನು ಕಂಗೆಡಿಸಿ, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಹಿಂದೊಮ್ಮೆ ಇದೇ ರೋಗಕ್ಕೆ ಉತ್ತರವಾಗಿ ಬಂದದ್ದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ಎಂಬ ತೊಗರಿ ತಳಿ. ಆ ತಳಿಯ ಹಿಂದಿದ್ದದ್ದು ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್, ಅಂದರೆ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. 1972ರಲ್ಲಿ ಅದು ಸ್ಥಾಪನೆಯಾದಾಗ ಪಟಾನ್‌ಚೆರು ಹೊಲಗದ್ದೆಗಳ ನಡುವಿನ ಊರು. ಅಲ್ಲಿಗೆ ಹಲವು ದೇಶಗಳ ವಿಜ್ಞಾನಿಗಳು ಬಂದು ನೆಲೆಸಿದರು. ಬೀದರಿನಿಂದ ಅದು ಎರಡು-ಮೂರು ಗಂಟೆಗಳ ದಾರಿ. 'ಬೀದರ್‌ನಂಥ ಊರಿಗೆ ಯಾವ ವಿಜ್ಞಾನಿ ಬರುತ್ತಾನೆ?' ಎಂದು ಸಚಿವಾಲಯದ ಸಭೆಗಳಲ್ಲಿ ಕೇಳುತ್ತಿದ್ದವರಿಗೆ ಪಟಾನ್‌ಚೆರುವೇ ಉತ್ತರ. ಪ್ರಯೋಗಾಲಯ, ಹೊಲ, ಮನೆ, ಮಕ್ಕಳಿಗೆ ಶಾಲೆ, ಕೆಲಸದ ಭರವಸೆ ಇವಿಷ್ಟು ಇದ್ದರೆ ಊರು ಚಿಕ್ಕದೆಂದು ಯಾರೂ ಹಿಂಜರಿಯುವುದಿಲ್ಲ.

ಬೀದರಿನಲ್ಲಿ ಸಂಸ್ಥೆಗಳೇ ಇಲ್ಲವೆಂದೇನೂ ಅಲ್ಲ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ 2004ರಿಂದ ಬೀದರ್. ಜಿಲ್ಲೆಗೆ ತನ್ನದೇ ಆದ ದೇವಣಿ ಗೋತಳಿಯಿದೆ. ಅದರ ಸಂಶೋಧನಾ ಕೇಂದ್ರ ಹಳ್ಳಿಖೇಡದಲ್ಲಿದೆ. ಭಾಲ್ಕಿ ಮತ್ತು ಬೀದರ್‌ಗಳಲ್ಲಿ 1980ರ ದಶಕದಿಂದ ಎಂಜಿನಿಯರಿಂಗ್ ಕಾಲೇಜುಗಳಿವೆ. 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯ ಸ್ನಾತಕೋತ್ತರ ಕೇಂದ್ರವೇ ಬೀದರ್ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸ್ವಲ್ಪವೇ ಹಿಂದೆ ಹುಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಶಿಫಾರಸು ಬಂದಾಗ ಇದೊಂದು ಆ ಪಟ್ಟಿಯಿಂದ ಪಾರಾಯಿತು. ಫಲಕಗಳಿವೆ; ಫಲಕದ ಹಿಂದೆ ಮನುಷ್ಯರು ಬೇಕು. ಒಂದು ಕಾಲಕ್ಕೆ ಇಲ್ಲಿ ಫಲಕ ಬೇರೆಯದಿದ್ದರೂ ಒಳಗೆ ಪಾಠ ನಡೆಯುತ್ತಿತ್ತು.

ಏನು ಮಾಡಬಹುದು? ಸಂಶೋಧನಾ ಹುದ್ದೆಗಳನ್ನು ಸ್ಥಳೀಯ ಸಮಸ್ಯೆಗಳಿಗೆ ಜೋಡಿಸಬೇಕು ಎಂಬುದು ನನ್ನ ಮೊದಲ ಸೂಚನೆ. ನೆಟೆ ರೋಗ, ದೇವಣಿ ತಳಿಯ ಸಂರಕ್ಷಣೆ, ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂತರ್ಜಲ ಇಂಥ ಮೂರು ವಿಷಯಗಳಿಗೆ ಚಿಕ್ಕ ತಂಡಗಳನ್ನು ಕಟ್ಟಿದರೆ, ಆ ಪ್ರಶ್ನೆಯನ್ನೇ ಅರಸಿ ಬರುವವರು ಎಲ್ಲಿಂದಾದರೂ ಬರುತ್ತಾರೆ. ಎರಡನೆಯದು, ನೇಮಕಾತಿಯ ಪಂಚಾಂಗ. ಜಾಹೀರಾತಿನಿಂದ ಆದೇಶದವರೆಗೆ ಆರು ತಿಂಗಳ ಗಡುವು ಇರಬೇಕು. ಹೊರದೇಶದ ವಿಶ್ವವಿದ್ಯಾಲಯ ತನಗೆ ಬೇಕಾದವನಿಗೆ ಕೆಲವೇ ವಾರಗಳಲ್ಲಿ ಪತ್ರ ಕೊಡುವಾಗ ನಾವು ವರ್ಷಗಟ್ಟಲೆ ಕಾಯಿಸಿದರೆ ಪೈಪೋಟಿ ಆರಂಭವಾಗುವ ಮೊದಲೇ ಮುಗಿದಿರುತ್ತದೆ. ಮೂರನೆಯದು, ಆದೇಶದ ಜೊತೆಗೇ ಪ್ರಯೋಗಾಲಯದ ಹಣ ಮತ್ತು ವಸತಿ. ಪತಿ-ಪತ್ನಿ ಇಬ್ಬರೂ ಓದಿದವರಾಗಿದ್ದರೆ ಇಬ್ಬರಿಗೂ ಕೆಲಸದ ದಾರಿ. ನಾಲ್ಕನೆಯದು, ಪೂರ್ಣಾವಧಿಗೆ ಬರಲಾಗದವರಿಗೆ ವರ್ಷಕ್ಕೆ ಎರಡು ತಿಂಗಳ ಜಂಟಿ ಹುದ್ದೆ. ಜಾಮಿ ಬೀದರಿಗೆ ಬರಲಿಲ್ಲ, ಆದರೆ ಪತ್ರ ಬರೆದ. ಇಂದು ಪತ್ರ ಬರೆಯುವ ಕೆಲಸ ಎಷ್ಟು ಸುಲಭ!

ಕೊನೆಯ ಸೂಚನೆ ವಿವಾದಕ್ಕೆ ಎಡೆಯಾದೀತೆಂದು ಬಲ್ಲೆ. ಸಂವಿಧಾನದ 371ಜೆ ವಿಧಿ 2012ರ ತಿದ್ದುಪಡಿಯಿಂದ ಬಂತು. ಅದರ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಸರ್ಕಾರಿ ನೇಮಕಾತಿಯಲ್ಲಿ 'ಎ' ಮತ್ತು 'ಬಿ' ಗುಂಪಿನ ಹುದ್ದೆಗಳ ಶೇ 75ರಷ್ಟು ಸ್ಥಳೀಯರಿಗೆ ಮೀಸಲು. ಇದು ದಶಕಗಳ ಅನ್ಯಾಯಕ್ಕೆ ಸಿಕ್ಕ ನ್ಯಾಯ. ಅದರಲ್ಲಿ ಒಂದು ಹುದ್ದೆಯನ್ನೂ ಕಡಿಮೆ ಮಾಡಬಾರದು. ಆದರೆ ಉಳಿದ ಶೇ 25ರ ಅರ್ಥವೇನೆಂದು ನಾವು ಯೋಚಿಸಿದಂತಿಲ್ಲ. ಬೇರೆ ಕಡೆಯವರು ತಮ್ಮ ಊರಿಗೆ ವರ್ಗಾವಣೆ ಸಿಗುವವರೆಗೆ ದಿನ ಎಣಿಸುವ ಜಾಗವಾಗಿ ಅದು ಉಳಿಯಬಾರದು. ಸಂಶೋಧನಾ ಹುದ್ದೆಗಳಲ್ಲಾದರೂ ಈ ಸೂತ್ರವನ್ನು ಮನಸ್ಸಿಟ್ಟು ಬಳಸಬೇಕು: ಮುಕ್ಕಾಲು ಪಾಲಿನಲ್ಲಿ ಔರಾದ್, ಭಾಲ್ಕಿಯ ಮಕ್ಕಳಿಗೆ ಮರಳುವ ದಾರಿ, ಕಾಲು ಪಾಲಿನಲ್ಲಿ ದೇಶದ, ಸಾಧ್ಯವಾದರೆ ಜಗತ್ತಿನ, ಅತ್ಯುತ್ತಮರಿಗೆ ಬಹಿರಂಗ ಆಹ್ವಾನ. ಹೊರಗಿನವರಿಲ್ಲದ ಸಂಶೋಧನಾ ಸಂಸ್ಥೆ ಬೇಗ ಜಡ್ಡುಗಟ್ಟುತ್ತದೆ; ಸ್ಥಳೀಯರಿಲ್ಲದ ಸಂಸ್ಥೆ ಊರಿನ ಪ್ರಶ್ನೆಯನ್ನೇ ಮರೆಯುತ್ತದೆ. ಎರಡೂ ಬಣಗಳಿಗೆ ಸ್ಥಾನ ಹಂಚಬೇಕೆಂದು ಗವಾನ್ ಕೈಗೊಂಡ ಯತ್ನ ಸರಿಯಾಗಿಯೇ ಇತ್ತು. ಅದಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲ, ರಾಜನ ಕಿವಿಯ ಮೇಲೆ ಎಲ್ಲವೂ ನಿಂತಿತ್ತು. ನಮಗೆ ಆ ರಕ್ಷಣೆ ಸಂವಿಧಾನದಲ್ಲೇ ಸಿಕ್ಕಿದೆ.

ಯುರೋಪಿನ 50 ಕೋಟಿ ಯೂರೊಗಳಿಗೆ ಎದುರಾಗಿ ಹಣ ಕೂಗುವ ಶಕ್ತಿ ಬೀದರಿಗೂ ಇಲ್ಲ, ಬೆಂಗಳೂರಿಗೂ ಇಲ್ಲ. ಅಂಥ ಹರಾಜಿನಲ್ಲಿ ನಾವು ಗೆಲ್ಲಬೇಕಾಗಿಯೂ ಇಲ್ಲ. ಮರಳಿ ಬರುತ್ತೇನೆ ಎಂದವನಿಗೆ ಕಾಲಕ್ಕೆ ಸರಿಯಾಗಿ ಉತ್ತರ ಬರೆಯುವುದಕ್ಕೆ, ಬಂದವನನ್ನು ಅವನ ಊರು-ಕುಲ ಕೇಳದೆ ಕುಳ್ಳಿರಿಸುವುದಕ್ಕೆ, ಕುಳಿತವನ ಮೇಲೆ ಪಿತೂರಿಯ ಪತ್ರ ಬಂದಾಗ ವಿಚಾರಣೆಯಿಲ್ಲದೆ ಶಿಕ್ಷಿಸದಿರುವುದಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಔರಾದ್‌ನ ಆ ಶಿಕ್ಷಕರು ಕೇಳಿದ್ದು ಒಂದು 'ಹೂಂ'. ಅದನ್ನು ಹೇಳುವ ಅಧಿಕಾರವುಳ್ಳವರು ಇಂದು ವಿಧಾನಸೌಧದಲ್ಲೂ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳಲ್ಲೂ ಇದ್ದಾರೆ. ಅವರು ಖಾಲಿ ಹುದ್ದೆಗಳ ಕಡತವನ್ನು ಈ ವರ್ಷವೇ ತೆಗೆದು ನೋಡಲಿ.